ಹಿತ್ತಿಲಿಗೆ ಕೋಣೆ ಬರುವ ಮುಂಚೆ

ಉತ್ತರ ಲಂಡನ್ನಿನ ಹ್ಯಾರೋ ಕಡೆ ಹಿತ್ತಿಲಿನಲ್ಲಿ ಗುದ್ದಲಿ ಹಾಕಿದರೆ ಮೇಲೊಂದು ಗೇಣು ಕಪ್ಪು ಮಣ್ಣು, ಅದರ ಕೆಳಗೆ ಜೇಡಿ. ಕಂದು ಬಣ್ಣದ್ದು, ಸಲಿಕೆಗೆ ಅಂಟಿದರೆ ಬಿಡದ್ದು. ಸುಮಾರು 5 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿದ್ದಾಗ ಅದರ ತಳದಲ್ಲಿ ಕೂತ ಕೆಸರು ಇದು. ಭೂವಿಜ್ಞಾನದ ಪುಸ್ತಕಗಳಲ್ಲಿ ಇದರ ಹೆಸರೇ ‘ಲಂಡನ್ ಕ್ಲೇ’. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಬಿರಿಯುತ್ತದೆ. ಚಳಿಗಾಲದ ಮಳೆ ಹಿಡಿದ ಮೇಲೆ ನೀರು ಕುಡಿದು ಉಬ್ಬುತ್ತದೆ. ಹಿತ್ತಿಲಿನಲ್ಲಿ ಒಂದು ಮರದ ಕೋಣೆ ಕೂರಿಸಬೇಕೆಂದು ಹೊರಟವರು ಕ್ಯಾಟಲಾಗ್ ತೆರೆಯುವ ಮೊದಲು ತಮ್ಮ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಇಂಗ್ಲೆಂಡಿನ ಮನೆಗಳ ಹಿಂದೆ ತೋಟವಿದ್ದರೆ ಅದರ ಮೂಲೆಯಲ್ಲೊಂದು ಶೆಡ್ ಇದ್ದೇ ಇರುತ್ತದೆ ಎನ್ನಬಹುದು. ಹುಲ್ಲು ಕತ್ತರಿಸುವ ಯಂತ್ರ, ಹಳೆಯ ಸೈಕಲ್ಲು, ಒಡೆದ ಕುಂಡಗಳು ಇಷ್ಟಕ್ಕೆ ಅದು ಮೀಸಲಾಗಿತ್ತು. 2020ರಲ್ಲಿ ಕೊರೊನಾ ಬಂದು ಆಫೀಸು ಮನೆಯೊಳಗೆ ಕಾಲಿಟ್ಟ ಮೇಲೆ ಜನ ಆ ಮೂಲೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಇಲ್ಲಿನ ಕನ್ನಡದ ಮನೆಗಳಲ್ಲೂ ಅದೇ ಪರಿಸ್ಥಿತಿ: ಅಡುಗೆಮನೆಯ ಮೇಜಿನ ಮೇಲೆ ಒಬ್ಬರ ಮೀಟಿಂಗು, ಮಹಡಿಯ ಮಲಗುವ ಕೋಣೆಯಲ್ಲಿ ಇನ್ನೊಬ್ಬರದು, ನಡುವೆ ಮಕ್ಕಳ ಪಾಠ. ಬೆಚ್ಚಗಿನ ಗೋಡೆ, ಗಾಜಿನ ಬಾಗಿಲು, ವಿದ್ಯುತ್ತು, ಇಂಟರ್ನೆಟ್ಟು ಇರುವ ‘ಗಾರ್ಡನ್ ರೂಮ್’ ಎಂಬ ಹೊಸ ಬಗೆಯ ಕೋಣೆ ಹಿತ್ತಿಲುಗಳಲ್ಲಿ ಏಳತೊಡಗಿತು. ಕೆಲವರಿಗೆ ಅದು ಆಫೀಸು. ಕೆಲವರಿಗೆ ಪಕ್ಕದ ಮನೆಯವರ ನಿದ್ದೆ ಕೆಡಿಸದೆ ಮೃದಂಗ ಬಾರಿಸುವ ಜಾಗ. ಊರಿನಿಂದ ಬಂದ ಅಪ್ಪ ಅಮ್ಮ ಹಗಲು ಹೊತ್ತು ಬಿಸಿಲು ಕಾಯಿಸುತ್ತ ಕೂರಲು ಇನ್ನು ಕೆಲವರಿಗೆ ಅದು ಪಡಸಾಲೆ.

ಇವುಗಳಲ್ಲಿ ಬಹುಪಾಲು ಕಾರ್ಖಾನೆಯಲ್ಲೇ ತಯಾರಾಗಿ, ಗೋಡೆ ಗೋಡೆಯಾಗಿ ಲಾರಿಯಲ್ಲಿ ಬರುತ್ತವೆ. ಸಣ್ಣದಾದರೆ ಇಬ್ಬರು ಕೆಲಸಗಾರರು ಒಂದೆರಡು ದಿನದಲ್ಲಿ ನಿಲ್ಲಿಸಿ ಹೋಗುತ್ತಾರೆ. ಮನೆಯವರ ಪಾಲಿನ ಕೆಲಸವೆಲ್ಲ ಲಾರಿ ಬರುವ ಮೊದಲಿನದು. ಮಾರುವವರ ಕಾಗದದಲ್ಲಿ ಅದು ಒಂದೇ ಸಾಲು: ನೆಲ ಗಟ್ಟಿಯಾಗಿ, ಮಟ್ಟವಾಗಿ, ಅಳತೆಗೆ ಸರಿಯಾಗಿ ಸಿದ್ಧವಿರಬೇಕು. ಆ ಒಂದು ಸಾಲಿನ ಹಿಂದೆ ವಾರಗಟ್ಟಲೆ ದುಡಿಮೆಯಿದೆ. ಕೋಣೆಯ ಆಯಸ್ಸು ನಿರ್ಧಾರವಾಗುವುದೂ ಅಲ್ಲೇ. ಗಾಜಿನ ಬಾಗಿಲಿಗೆ, ಒಳಗಿನ ದೀಪಗಳಿಗೆ ಧಾರಾಳವಾಗಿ ಖರ್ಚು ಮಾಡಿ ನೆಲದ ಕೆಲಸದಲ್ಲಿ ಕೈ ಬಿಗಿಹಿಡಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಾಗಿಲನ್ನು ಮುಂದೆ ಬದಲಾಯಿಸಬಹುದು. ಕೋಣೆ ನಿಂತ ಮೇಲೆ ಅದರ ಕೆಳಗಿನ ನೆಲಕ್ಕೆ ಯಾರ ಕೈಯೂ ಹೋಗುವುದಿಲ್ಲ.

ನಮ್ಮ ಹಿತ್ತಿಲಿಗೆ 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆ ತರಿಸುವ ಮಾತು ನಡೆಯುತ್ತಿದ್ದಾಗ ಗದಗ ಸೀಮೆಯ ನಮ್ಮೂರಿನಿಂದ ಅವ್ವ ಬಂದಿದ್ದಳು. ತೋಟದ ಕೊನೆಯ ಮೂಲೆ ತೋರಿಸಿದೆ. ಆಕೆ ಅಲ್ಲಿಗೆ ಹೋಗಿ ನಿಂತು, ಚಪ್ಪಲಿಗೆ ಹತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ಬೆರಳಲ್ಲಿ ತಿಕ್ಕಿ ನೋಡಿದಳು.

‘ಇದು ನಮ್ಮ ಎರಿ ಹೊಲದ ಮಣ್ಣಿನಂಗ ಐತಲ್ಲೊ. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳ್ಯಾಗ ಉಬ್ಬತೈತಿ. ಇದರ ಮ್ಯಾಲ ಹೆಂಗ ಕುಂಡ್ರಸ್ತಿ?’

‘ಕಟ್ಟಿಗಿ ಕೋಲಿ ಬೇ, ಹಗರ ಇರತೈತಿ.’

‘ಹಗರ ಇದ್ರೇನಾತು? ನೀರ ಎಲ್ಲಿ ನಿಂದರತಾವು, ಅದನ್ನ ನೋಡು ಮೊದಲ.’

ಎರೆಭೂಮಿಯಲ್ಲಿ ಬಾಳಿದವರಿಗೆ ಇದು ಹುಟ್ಟಿನಿಂದ ಬಂದ ತಿಳಿವಳಿಕೆ. ಗದಗ, ನವಲಗುಂದ, ರಾಯಚೂರಿನ ಕಡೆ ಬೇಸಿಗೆಯ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬೀಳುತ್ತದೆ. ಮನೆ ಕಟ್ಟುವವರು ಎರೆಯನ್ನು ತೆಗೆದು ಗರಸು ತುಂಬುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬುಡದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬಗಳ ಅಡಿಪಾಯವನ್ನು ರೂಪಿಸಿತು. ಮೇಲ್ಪದರದ ಮಣ್ಣು ಹಿಗ್ಗಿದರೂ ಕುಗ್ಗಿದರೂ ಕಂಬದ ಬುಡ ಅಲುಗದ ಆಳದಲ್ಲಿ ಕಚ್ಚಿಕೊಂಡಿರುತ್ತದೆ. ಎರೆಮಣ್ಣಿಗೂ ಲಂಡನ್ನಿನ ಜೇಡಿಗೂ ಹುಟ್ಟು ಬೇರೆ, ಒಂದು ಹೆಚ್ಚಾಗಿ ಜ್ವಾಲಾಮುಖಿಯ ಕಲ್ಲು ಶಿಥಿಲವಾಗಿ ಆದದ್ದು, ಇನ್ನೊಂದು ಕಡಲ ಕೆಸರು. ಆದರೆ ಎರಡರಲ್ಲೂ ನೀರು ಹೀರಿ ಹಿಗ್ಗುವ ಸ್ಮೆಕ್ಟೈಟ್ ಜಾತಿಯ ಖನಿಜವಿದೆ. ಅವ್ವನ ಬೆರಳಿಗೆ ಸಿಕ್ಕಿದ್ದು ಅದೇ.

ಬ್ರಿಟನ್ನಿಗೆ ಈ ಪಾಠವನ್ನು ದೊಡ್ಡದಾಗಿ ಕಲಿಸಿದ್ದು 1976ರ ಬರಗಾಲದ ಬೇಸಿಗೆ. ಆಗ ಜೇಡಿ ಕುಗ್ಗಿ ಆಗ್ನೇಯ ಇಂಗ್ಲೆಂಡಿನಲ್ಲಿ ಎಷ್ಟೋ ಮನೆಗಳ ಗೋಡೆ ಬಿರಿದವು. ನೆಲ ಕುಸಿತಕ್ಕೆ ಮನೆಯ ವಿಮೆಯಲ್ಲಿ ಪರಿಹಾರ ಸೇರಿ ಕೆಲವೇ ವರ್ಷವಾಗಿತ್ತು, ವಿಮಾ ಕಂಪನಿಗಳ ಮುಂದೆ ಅರ್ಜಿಗಳ ಸಾಲು ನಿಂತಿತು. ಜೇಡಿಯ ಜೊತೆಗೆ ದೊಡ್ಡ ಮರ ಸೇರಿದರೆ ಅಪಾಯ ಇಮ್ಮಡಿ. ಓಕ್, ವಿಲೋ, ಪಾಪ್ಲರ್ ಮರಗಳು ಬೇಸಿಗೆಯಲ್ಲಿ ನೆಲದಿಂದ ಅಪಾರ ನೀರನ್ನು ಎಳೆಯುತ್ತವೆ. ನೆರಳು ಚೆನ್ನಾಗಿದೆಯೆಂದು ಓಕ್ ಮರದ ಬುಡಕ್ಕೇ ಕೋಣೆ ತಂದಿಟ್ಟರೆ ನೆಲವೂ ಕುಗ್ಗುತ್ತದೆ, ಅಗೆತಕ್ಕೆ ಬೇರೂ ಕಡಿಯುತ್ತದೆ, ಎಲೆ ಬಿದ್ದು ಸೂರಿನ ದೋಣಿಯೂ ಕಟ್ಟಿಕೊಳ್ಳುತ್ತದೆ. ಮೇಲಾಗಿ ಇಲ್ಲಿ ಅನೇಕ ಮರಗಳಿಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್ಲಿನ ರಕ್ಷಣಾ ಆದೇಶವಿರುತ್ತದೆ. ಅಂಥ ಮರದ ಕೊಂಬೆ ಸವರಲೂ, ಬೇರು ಕಡಿಯಲೂ ಅನುಮತಿ ಬೇಕು. ಮರ ನಮ್ಮ ತೋಟದ್ದೇ ಆದರೂ ಅಷ್ಟೇ.

ಅವ್ವನ ಮಾತಿನಂತೆ ಜಡಿಮಳೆ ಸುರಿದ ಮರುದಿನ ತೋಟ ಸುತ್ತಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಎಲ್ಲಿ ನೀರು ನಿಂತಿದೆ, ಎಲ್ಲಿ ಹುಲ್ಲಿನ ಬದಲು ಪಾಚಿ ಬೆಳೆದಿದೆ, ಪಕ್ಕದ ತೋಟದಿಂದ ನೀರು ಯಾವ ಕಡೆಗೆ ಹರಿದು ಬರುತ್ತದೆ, ಇಷ್ಟು ಗೊತ್ತಾದರೆ ಜಾಗದ ಅರ್ಧ ತೀರ್ಮಾನ ಮುಗಿದಂತೆ. ನಮ್ಮಲ್ಲಿ ನಾನು ತೋರಿಸಿದ ಮೂಲೆಯೇ ತೋಟದ ತಗ್ಗು. ಕೋಣೆ ಬಲಗಡೆಗೆ, ಒಂದಿಷ್ಟು ಏರಿಗೆ ಸರಿಯಿತು.

ಆ ಬಲಗಡೆಯಲ್ಲಿ ಹುಲ್ಲಿನ ಕೆಳಗೆ ಮ್ಯಾನ್‌ಹೋಲಿನ ಮುಚ್ಚಳವೇನಾದರೂ ಇದೆಯೇ ಎಂದು ಆಮೇಲೆ ಹುಡುಕಿದೆವು. ನಮ್ಮದರಂಥ 1930ರ ದಶಕದ ಜೋಡಿಮನೆಗಳಲ್ಲಿ ಒಂದೇ ಚರಂಡಿ ಹಲವು ಮನೆಗಳ ಹಿತ್ತಿಲನ್ನು ಹಾದುಹೋಗುವುದುಂಟು. 2011ರ ಅಕ್ಟೋಬರಿನಿಂದ ಇಂಥ ಹಂಚಿಕೆಯ ಕೊಳವೆಗಳಲ್ಲಿ ಹೆಚ್ಚಿನವು ನೀರಿನ ಕಂಪನಿಗಳ ಸುಪರ್ದಿಗೆ ಹೋಗಿವೆ. ಅವುಗಳ ಮೇಲೆ ಅಥವಾ 3 ಮೀಟರ್ ಒಳಗೆ ಕಟ್ಟುವ ಮೊದಲು ಕಂಪನಿಯನ್ನು ಕೇಳಲೇಬೇಕು. ಕೊಳವೆ ಕಟ್ಟಿಕೊಂಡ ದಿನ ಕೋಣೆಯ ನೆಲ ಒಡೆಯುವ ಪ್ರಸಂಗ ಯಾರಿಗೂ ಬೇಡ.

ಇನ್ನು ಕಾನೂನು. ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಯ ಹಿತ್ತಿಲಿಗೆ ಇಂಥ ಕೋಣೆ ತರಲು ಯೋಜನಾ ಅನುಮತಿ ಹೆಚ್ಚಾಗಿ ಬೇಕಾಗುವುದಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳ ನಿಯಮ ಬೇರೆ. ಫ್ಲ್ಯಾಟುಗಳಿಗೆ ಈ ರಿಯಾಯಿತಿ ಇಲ್ಲ. ಕೆಲವು ಹೊಸ ಬಡಾವಣೆಗಳಲ್ಲಿ ಕೌನ್ಸಿಲ್ ಈ ಹಕ್ಕನ್ನು ಮೊದಲೇ ತೆಗೆದುಹಾಕಿರುತ್ತದೆ, ಪಾರಂಪರಿಕ ಕಟ್ಟಡಗಳ ಆವರಣದಲ್ಲಂತೂ ಅನುಮತಿಯಿಲ್ಲದೆ ಗೂಟವನ್ನೂ ಹೊಡೆಯಬಾರದು. ಉಳಿದವರಿಗೆ ಮುಖ್ಯವಾದ ಷರತ್ತುಗಳು ಇವು: ಕೋಣೆ ಮನೆಯ ಮುಂಭಾಗದ ಗೋಡೆಯನ್ನು ದಾಟಿ ಮುಂದೆ ಬರುವಂತಿಲ್ಲ, ಒಂದೇ ಅಂತಸ್ತು, ಮೂಲ ಮನೆಯ ಸುತ್ತಲಿನ ಜಾಗದಲ್ಲಿ ಎಲ್ಲ ಕಟ್ಟಡಗಳೂ ಸೇರಿ ಅರ್ಧಕ್ಕಿಂತ ಹೆಚ್ಚು ಆಕ್ರಮಿಸುವಂತಿಲ್ಲ. ಮೂಲ ಮನೆ ಎಂದರೆ 1948ರ ಜುಲೈ 1ರಂದು ಹೇಗಿತ್ತೋ ಹಾಗೆ, ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದ ಹಾಗೆ. ಹಿಂದಿನ ಮಾಲೀಕರು ಹಿಗ್ಗಿಸಿದ ಅಡುಗೆಮನೆಯೂ ಈ ಲೆಕ್ಕಕ್ಕೆ ಸೇರುತ್ತದೆ.

ಹೆಚ್ಚು ಜನ ಎಡವುವುದು ಎತ್ತರದ ವಿಷಯದಲ್ಲಿ. ಕೋಣೆಯ ಯಾವುದೇ ಭಾಗ ಗಡಿಯಿಂದ 2 ಮೀಟರ್ ಒಳಗೆ ಬಂದರೆ ಒಟ್ಟು ಎತ್ತರ 2.5 ಮೀಟರ್ ಮೀರಬಾರದು. ಹ್ಯಾರೋದಂಥ ಕಡೆ ಹಿತ್ತಿಲುಗಳು ಅಗಲ ಕಡಿಮೆ ಇರುವ ಪಟ್ಟಿಗಳು, ಗಡಿಯಿಂದ ಅಷ್ಟು ದೂರ ಸರಿದರೆ ಕೋಣೆ ತೋಟದ ನಟ್ಟನಡುವೆ ಬಂದು ನಿಲ್ಲುತ್ತದೆ. ಹಾಗಾಗಿ ಮಾರುಕಟ್ಟೆಯಲ್ಲಿ ಸರಿಯಾಗಿ 2.5 ಮೀಟರಿಗೆ ಕತ್ತರಿಸಿದ ಚಪ್ಪಟೆ ಸೂರಿನ ಕೋಣೆಗಳೇ ತುಂಬಿವೆ. ಆದರೆ ಕಾನೂನು ಅಳೆಯುವುದು ಕೋಣೆಯನ್ನಲ್ಲ, ಪಕ್ಕದ ಸಹಜ ನೆಲದಿಂದ ಸೂರಿನ ತುದಿಯವರೆಗೆ. ನೆಲಗಟ್ಟು ನೆಲದಿಂದ 10 ಸೆಂಟಿಮೀಟರ್ ಮೇಲೆದ್ದರೆ ಆ ಹತ್ತೂ ಲೆಕ್ಕಕ್ಕೆ ಬರುತ್ತದೆ. ಅಡಿಪಾಯ ಹೇಗಿರಬೇಕೆಂದು ತೀರ್ಮಾನಿಸದೆ ಕೋಣೆಯನ್ನು ಆರ್ಡರ್ ಮಾಡಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಗಾತ್ರದ ವಿಷಯದಲ್ಲಿ, ಒಳಗಿನ ವಿಸ್ತೀರ್ಣ 15 ಚದರ ಮೀಟರಿಗಿಂತ ಕಡಿಮೆಯಿದ್ದು ಯಾರೂ ಮಲಗದಿದ್ದರೆ ಕಟ್ಟಡ ನಿಯಮಗಳ ತಪಾಸಣೆ ಸಾಮಾನ್ಯವಾಗಿ ಬರುವುದಿಲ್ಲ. ಊರಿನಿಂದ ಬಂದವರನ್ನು ಅಲ್ಲೇ ಮಲಗಿಸುವ ಯೋಚನೆಯಿದ್ದರೆ ಕಥೆ ಬೇರೆ. ಬೆಂಕಿಯಿಂದ ರಕ್ಷಣೆ, ತಪ್ಪಿಸಿಕೊಳ್ಳುವ ದಾರಿ ಎಲ್ಲವನ್ನೂ ತೋರಿಸಬೇಕಾಗುತ್ತದೆ. ತೋರಿಸುವುದೇ ಸರಿ ಕೂಡ.

ಬಿಸಿಲಿನ ಬಗ್ಗೆ ನಮ್ಮ ಕಡೆಯವರು ವಿಶೇಷವಾಗಿ ಯೋಚಿಸಬೇಕು. ಗದಗಿನಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 51 ಡಿಗ್ರಿ ಮೇಲಿರುತ್ತಾನೆ. ಲಂಡನ್ನಿನಲ್ಲಿ ಆಗ ಅವನು ಏರುವುದು 15 ಡಿಗ್ರಿ ಮಾತ್ರ, ಸಂಜೆ ನಾಲ್ಕಕ್ಕೆಲ್ಲ ಮುಳುಗುತ್ತಾನೆ. ಆಳೆತ್ತರದ ಬೇಲಿ ಸಾಕು, ಚಳಿಗಾಲವಿಡೀ ಕೋಣೆಗೆ ನೆರಳು ಹಾಸಲು. ಜೂನಿನಲ್ಲಿ ಅದೇ ಸೂರ್ಯ 62 ಡಿಗ್ರಿ ಏರುತ್ತಾನೆ, ಹಗಲು ಹದಿನಾರು ಗಂಟೆ ದಾಟುತ್ತದೆ, ದಕ್ಷಿಣಕ್ಕೆ ಪೂರ್ತಿ ಗಾಜು ಹಾಕಿಸಿದ ಕೋಣೆ ಕೂರಲಾಗದಷ್ಟು ಕಾಯುತ್ತದೆ. ಜಾಹೀರಾತಿನ ಚಿತ್ರಗಳೆಲ್ಲ ಬೇಸಿಗೆಯಲ್ಲಿ ತೆಗೆದವು. ಜಾಗ ಆರಿಸುವವರು ಚಳಿಗಾಲದಲ್ಲಿ ಒಂದು ದಿನವಾದರೂ ತೋಟದಲ್ಲಿ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ನೋಡಿಕೊಳ್ಳಬೇಕು.

ಈ ತೊಡಕನ್ನು ನಾಟಕಕಾರ ಜಾರ್ಜ್ ಬರ್ನಾರ್ಡ್ ಶಾ ಬಿಡಿಸಿದ ರೀತಿ ನನಗೆ ಬಹಳ ಇಷ್ಟ. ಹರ್ಟ್‌ಫರ್ಡ್‌ಶೈರಿನ ಏಯಟ್ ಸೇಂಟ್ ಲಾರೆನ್ಸ್ ಎಂಬ ಹಳ್ಳಿಯಲ್ಲಿ, ಈಗ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿರುವ ಅವರ ಮನೆಯ ತೋಟದ ತುದಿಯಲ್ಲಿ ಪುಟ್ಟದೊಂದು ಬರೆಯುವ ಗುಡಿಸಲಿದೆ. ಅದನ್ನು ತಿರುಗುವ ಕೀಲಿನ ಮೇಲೆ ಕೂರಿಸಲಾಗಿದೆ. ಬಿಸಿಲು ಸರಿದಂತೆ ಗುಡಿಸಲನ್ನೇ ತಳ್ಳಿ ಆ ಕಡೆಗೆ ತಿರುಗಿಸಬಹುದಿತ್ತು. ಒಳಗೆ ಮೇಜು, ಕುರ್ಚಿ, ಸಣ್ಣ ಹಾಸಿಗೆ, ಮನೆಗೆ ಸಂಪರ್ಕವಿದ್ದ ಟೆಲಿಫೋನು. ಆ ಗುಡಿಸಲಿಗೆ ಅವರು ‘ಲಂಡನ್’ ಎಂದೇ ಹೆಸರಿಟ್ಟಿದ್ದರು, ಭೇಟಿಗೆ ಬಂದವರಿಗೆ ಶಾ ಲಂಡನ್ನಿನಲ್ಲಿದ್ದಾರೆ ಎಂದು ಸುಳ್ಳಿಲ್ಲದೆ ಹೇಳಬಹುದಿತ್ತು. ತಿರುಗದ ಕೋಣೆ ತರುವ ನಮ್ಮಂಥವರು ಆ ದಿಕ್ಕಿನ ವಿಚಾರವನ್ನು ಒಂದೇ ಸಲ, ಗೂಟ ಹೊಡೆಯುವ ಮೊದಲು ಮುಗಿಸಬೇಕು.

ಗೂಟ ಹೊಡೆಯುವ ದಿನ ಅವ್ವ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ಗುದ್ದಲಿಪೂಜೆ ಮಾಡಿದಳು. ಆಮೇಲೆ ನಾಲ್ಕು ಮೂಲೆಗೆ ಗೂಟ, ಗೂಟದಿಂದ ಗೂಟಕ್ಕೆ ದಾರ. ದಾರ ನೇರವಾಗಿದ್ದರೆ ಸಾಲದು, ಮೂಲೆ ಲಂಬವಾಗಿರಬೇಕು. ನಮ್ಮ ಗಾರೆ ಮೇಸ್ತ್ರಿಗಳು ಮೂರು, ನಾಲ್ಕು, ಐದರ ಲೆಕ್ಕದಲ್ಲಿ ಇದನ್ನು ಹಿಡಿಯುತ್ತಾರೆ: ಒಂದು ಬದಿ ಮೂರು, ಇನ್ನೊಂದು ನಾಲ್ಕು ಆದರೆ ಎದುರು ಮೂಲೆಗಳ ನಡುವೆ ಐದು ಬರಬೇಕು. ಯಜ್ಞವೇದಿಕೆ ಕಟ್ಟುವವರಿಗಾಗಿ ಬೌಧಾಯನ ಶುಲ್ಬಸೂತ್ರ ಈ ಸಂಖ್ಯೆಗಳನ್ನು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಹೇಳಿಟ್ಟಿದೆ. ನಮ್ಮ ಕೋಣೆಯ ಅಳತೆಯೇ ಮೂರು ಮತ್ತು ನಾಲ್ಕು ಮೀಟರ್ ಆದದ್ದರಿಂದ ಎರಡೂ ಕರ್ಣಗಳು ಸರಿಯಾಗಿ 5 ಮೀಟರ್ ಬರಬೇಕಿತ್ತು. ಈ ಅಳತೆಯಲ್ಲಿ ಒಂದು ಬೆರಳು ತಪ್ಪಿದರೂ ಕಾರ್ಖಾನೆಯಿಂದ ಬಂದ ಗೋಡೆಗಳು ಮೂಲೆಯಲ್ಲಿ ಕೂಡುವುದಿಲ್ಲ, ಕೂಡಿಸಿದರೂ ಬಾಗಿಲು ಹಿಡಿಯುತ್ತದೆ.

ಅಡಿಪಾಯದಲ್ಲಿ ಆಯ್ಕೆಗಳಿವೆ. ಗಟ್ಟಿ ಮರಳುನೆಲದಲ್ಲಿ ಸಣ್ಣ ಶೆಡ್ಡಿಗೆ ಚಪ್ಪಡಿ ಹಾಸಿದರೂ ನಡೆದೀತು. ಜೇಡಿಯಲ್ಲಿ, ಅದರಲ್ಲೂ ಇಳಿಜಾರಿದ್ದರೆ, ಸತು ಲೇಪಿಸಿದ ಉಕ್ಕಿನ ಉದ್ದನೆಯ ತಿರುಪುಗಳನ್ನು ನೆಲಕ್ಕೆ ತಿರುವಿ ಅವುಗಳ ತಲೆಯ ಮೇಲೆ ಮರದ ಚೌಕಟ್ಟು ಕೂರಿಸುವ ಹೊಸ ಕ್ರಮವನ್ನು ನಾನು ಮೆಚ್ಚುತ್ತೇನೆ. ಅಗೆತ ಕಡಿಮೆ, ಮರದ ಬೇರುಗಳಿಗೆ ಹಾನಿ ಕಡಿಮೆ, ಕೋಣೆಯ ಕೆಳಗೆ ಗಾಳಿಯಾಡುತ್ತದೆ, ಬೇಡವೆಂದ ದಿನ ತಿರುವಿ ತೆಗೆಯಲೂಬಹುದು. ಆದರೆ ಅದರ ಚೌಕಟ್ಟು ಎತ್ತರವನ್ನು ತಿನ್ನುತ್ತದೆ. ನಾವು ಆರಿಸಿದ ಕೋಣೆ 2.5 ಮೀಟರಿಗೆ ಬಹಳ ಹತ್ತಿರವಿದ್ದುದರಿಂದ ಕಾಂಕ್ರೀಟನ್ನೇ ಒಪ್ಪಿಕೊಂಡೆವು.

ಕಾಂಕ್ರೀಟ್ ಎಂದರೆ ಎಷ್ಟು ಮಣ್ಣು ಹೊರಗೆ, ಎಷ್ಟು ಕಲ್ಲು ಒಳಗೆ ಎಂಬ ಅಂದಾಜು ಮೊದಲೇ ಇರಬೇಕು. 12 ಚದರ ಮೀಟರನ್ನು 20 ಸೆಂಟಿಮೀಟರ್ ಆಳ ತೆಗೆದರೆ 2.4 ಘನ ಮೀಟರ್ ಮಣ್ಣು. ಅಗೆದ ಮಣ್ಣು ಸಡಿಲವಾಗಿ ಹಿಗ್ಗುವುದರಿಂದ ಸ್ಕಿಪ್ ಎಂಬ ಬಾಡಿಗೆಯ ದೊಡ್ಡ ತೊಟ್ಟಿಗೆ ಹಾಕುವಾಗ ಅದು ಸುಮಾರು ಮೂರು ಘನ ಮೀಟರ್ ಆಗಿರುತ್ತದೆ. ಸ್ಕಿಪ್ ಅನ್ನು ರಸ್ತೆಯ ಮೇಲೆ ನಿಲ್ಲಿಸಬೇಕಾದರೆ ಕೌನ್ಸಿಲ್ಲಿನ ಪರವಾನಗಿ ಬೇಕು. ಮೇಲಿನ ಕಪ್ಪು ಮಣ್ಣನ್ನು ದಯವಿಟ್ಟು ಯಾರೂ ಸ್ಕಿಪ್ಪಿಗೆ ಹಾಕಬೇಡಿ. ಅದು ಎಷ್ಟೋ ವರ್ಷ ಎಲೆ ಕೊಳೆತು, ಎರೆಹುಳು ತಿಂದು ಆದ ಮಣ್ಣು. ಬೇರೆ ರಾಶಿ ಹಾಕಿ ತರಕಾರಿ ಮಡಿಗೆ ಬಳಸಬೇಕು. ಅಗೆಯುವಾಗ ರಾಬಿನ್ ಹಕ್ಕಿ ಒಂದು ಮಾರು ದೂರದಲ್ಲೇ ಬಂದು ಕೂತು ಹುಳ ಹೆಕ್ಕುತ್ತದೆ, ಹೆದರುವುದಿಲ್ಲ.

ಗುಂಡಿಯ ತಳಕ್ಕೆ ಬಟ್ಟೆಯಂಥ ಹಾಳೆ, ಅದರ ಮೇಲೆ 15 ಸೆಂಟಿಮೀಟರ್ ಪುಡಿಮಿಶ್ರಿತ ಜಲ್ಲಿ. ಇದನ್ನು ಎರಡು ಮೂರು ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಬಾಡಿಗೆಗೆ ಸಿಗುವ ಕಂಪನದ ಯಂತ್ರದಿಂದ ಬಡಿದು ಗಟ್ಟಿ ಮಾಡಬೇಕು. ಒಮ್ಮೆಗೇ ಸುರಿದು ಮೇಲೆ ಮಾತ್ರ ಬಡಿದರೆ ಕೆಳಗೆ ಪೊಳ್ಳು ಉಳಿಯುತ್ತದೆ. ಜಲ್ಲಿಯ ಮೇಲೆ ತೆಳ್ಳಗೆ ಮರಳು, ಮರಳಿನ ಮೇಲೆ ತೇವ ತಡೆಯುವ ದಪ್ಪ ಪ್ಲಾಸ್ಟಿಕ್ ಹಾಳೆ, ಕೊನೆಗೆ 10 ಸೆಂಟಿಮೀಟರ್ ಕಾಂಕ್ರೀಟ್. ಅದು 1.2 ಘನ ಮೀಟರ್, ತೂಕದಲ್ಲಿ 3 ಟನ್ನಿಗೆ ಹತ್ತಿರ. ಮನೆಯ ಮಗ್ಗುಲಿನ ಸಂದಿಯಲ್ಲಿ ಕೈಗಾಡಿ ತಳ್ಳುತ್ತ ಇಷ್ಟನ್ನೂ ಸಾಗಿಸಬೇಕು, ಅದೂ ಕಾಂಕ್ರೀಟ್ ಬಿಗಿಯುವ ಮೊದಲು. ಸ್ನೇಹಿತರು ಬೇಕಾಗುವುದು ಆ ಹೊತ್ತಿಗೆ. ಹಾಕಿದ ಕಾಂಕ್ರೀಟನ್ನು ಬೇಗ ಒಣಗಲು ಬಿಡದೆ ತೇವವಾಗಿಟ್ಟು ಮುಚ್ಚಬೇಕು. ಒಂದು ವಾರದಲ್ಲಿ ಅದು ತನ್ನ ಶಕ್ತಿಯ ಮೂರರಲ್ಲಿ ಎರಡು ಪಾಲು ಪಡೆಯುತ್ತದೆ. ಇಂಜಿನಿಯರುಗಳು ಪೂರ್ತಿ ಶಕ್ತಿಯನ್ನು ಅಳೆಯುವುದು 28ನೇ ದಿನ.

ನೆಲಗಟ್ಟು ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ಭಾವನೆಯಿಂದ ಗೋಡೆಯಾಚೆಗೂ ಒಂದಡಿ ಕಾಂಕ್ರೀಟ್ ಹಾಕಿಸುವವರಿದ್ದಾರೆ. ಇದು ತಪ್ಪು. ಸೂರಿನಿಂದ ಬಿದ್ದ ಮಳೆ ಆ ಅಂಚಿನ ಮೇಲೆ ಸಿಡಿದು ಗೋಡೆಯ ಬುಡವನ್ನು ನೆನೆಸುತ್ತದೆ, ಹರಿದು ಕೋಣೆಯ ಅಡಿಗೆ ಸೇರುತ್ತದೆ, ಮರ ಕೊಳೆಯುವುದು ಅಲ್ಲಿಂದಲೇ ಶುರು. ನೆಲಗಟ್ಟು ಕೋಣೆಯ ತಳದಷ್ಟೇ ಇರಬೇಕು, ಸುತ್ತಲೂ ಜಲ್ಲಿ ಹಾಸಿರಬೇಕು. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 12 ಚದರ ಮೀಟರ್ ಸೂರಿನ ಮೇಲೆ ವರ್ಷವಿಡೀ ಬೀಳುವುದು 7 ಸಾವಿರ ಲೀಟರಿಗೂ ಹೆಚ್ಚು ನೀರು. ಸೂರಿಗೊಂದು ದೋಣಿ, ದೋಣಿಗೊಂದು ಪೀಪಾಯಿ ಇಟ್ಟರೆ ಬೇಸಿಗೆಯಲ್ಲಿ ಟೊಮೆಟೊ ಗಿಡಗಳಿಗೆ ಅದೇ ಸಾಕು. ಬಿಟ್ಟರೆ ಅಷ್ಟೂ ನೀರು ಗೋಡೆಯ ಬುಡದ ಜೇಡಿಯನ್ನು ಉಬ್ಬಿಸುತ್ತದೆ.

ವಿದ್ಯುತ್ತಿನ ಕೆಲಸ ಅರ್ಹ ಎಲೆಕ್ಟ್ರಿಷಿಯನ್ನಿನದೇ. ಇಲ್ಲಿ ಅದಕ್ಕೆ ಪ್ರಮಾಣಪತ್ರ ಬೇಕು. ಮನೆಯವರು ನೋಡಿಕೊಳ್ಳಬೇಕಾದ್ದು ಸಮಯವನ್ನು. ಉಕ್ಕಿನ ತಂತಿಯ ಕವಚವಿರುವ ಕೇಬಲ್ ಮಣ್ಣಿನಡಿಯಲ್ಲಿ ಬರುತ್ತದೆ, ಅದರ ಕಾಲುವೆಯನ್ನು ಉಳಿದ ಅಗೆತದ ಜೊತೆಗೇ ತೋಡಬೇಕು, ಕಾಂಕ್ರೀಟ್ ಬೀಳುವ ಮೊದಲೇ ಅದು ಒಳಬರುವ ಕೊಳವೆ ಕೂರಿಸಿರಬೇಕು. ಇಂಟರ್ನೆಟ್ಟಿನ ಕೇಬಲ್ಲಿಗೂ ಬೇರೊಂದು ಕೊಳವೆ ಹಾಕಿಸಿಡುವುದು ಒಳ್ಳೆಯದು.

ನೆರೆಯವರಿಗೆ ಹೇಳಲೇಬೇಕೆಂಬ ಕಾನೂನು ಇಂಥ ಕೋಣೆಗೆ ಸಾಮಾನ್ಯವಾಗಿ ಇಲ್ಲ. ಆದರೂ ಎರಡೂ ಕಡೆಯ ಮನೆಗಳಿಗೆ ನಕ್ಷೆ ಹಿಡಿದು ಹೋಗಬೇಕು. ಕಿಟಕಿ ಯಾವ ಕಡೆಗೆ, ನೆರಳು ಯಾರ ಹೂವಿನ ಮಡಿಯ ಮೇಲೆ, ಕಂಪನದ ಯಂತ್ರ ಯಾವ ದಿನ ಸದ್ದು ಮಾಡುತ್ತದೆ ಎನ್ನುವುದು ಅವರಿಗೂ ಸಂಬಂಧಿಸಿದ್ದೇ. ಬೇಲಿಗೂ ಕೋಣೆಗೂ ನಡುವೆ ಒಬ್ಬ ಮನುಷ್ಯ ಬಣ್ಣದ ಡಬ್ಬಿ ಹಿಡಿದು ನುಸುಳುವಷ್ಟು ಸಂದಿ ಬಿಡಬೇಕು, ಇಲ್ಲದಿದ್ದರೆ ಹಿಂದಿನ ಗೋಡೆಗೆ ಎಣ್ಣೆ ಹಚ್ಚುವವರಿಲ್ಲದೆ ಅದೇ ಮೊದಲು ಕೆಡುತ್ತದೆ. ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ ಬಿಟ್ಟರೆ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿ ರಾತ್ರಿ ತೋಟದಿಂದ ತೋಟಕ್ಕೆ ಓಡಾಡಬಲ್ಲದು. ಬ್ರಿಟನ್ನಿನಲ್ಲಿ ಅಳಿವಿನ ಭೀತಿಯಲ್ಲಿರುವ ಸಸ್ತನಿಗಳಲ್ಲಿ ಅದೂ ಒಂದು. ವಸಂತದಿಂದ ಬೇಸಿಗೆಯ ಕೊನೆಯವರೆಗೆ ಪೊದೆ ಸವರುವ ಮುನ್ನ ಹಕ್ಕಿಗೂಡು ನೋಡಿಕೊಳ್ಳಬೇಕು. ಮೊಟ್ಟೆಯೋ ಮರಿಯೋ ಇರುವ ಗೂಡನ್ನು ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಕೊನೆಯದು, ಲಾರಿಯಿಂದ ಹಿತ್ತಿಲಿಗೆ ದಾರಿ. ಬಹಳ ಕಂಪನಿಗಳು ಸಾಮಾನನ್ನು ರಸ್ತೆಯಂಚಿಗೆ ಇಳಿಸಿದರೆ ತಮ್ಮ ಕೆಲಸ ಮುಗಿಯಿತೆನ್ನುತ್ತವೆ. ಅತಿ ದೊಡ್ಡ ಗೋಡೆಯ ಅಳತೆಯನ್ನು ಮೊದಲೇ ತರಿಸಿಕೊಂಡು, ಅಷ್ಟೇ ಉದ್ದದ ಹಲಗೆಯನ್ನು ಸಂದಿಯಲ್ಲಿ ಹೊತ್ತು ನಡೆದು ನೋಡುವುದು ಒಳ್ಳೆಯದು. ಗ್ಯಾಸ್ ಮೀಟರಿನ ಪೆಟ್ಟಿಗೆ, ಗೋಡೆಗೆ ಅಂಟಿದ ಮಳೆನೀರಿನ ಕೊಳವೆ, ತೋಟದ ಬಾಗಿಲಿನ ಚೌಕಟ್ಟು, ಬಟ್ಟೆ ಒಣಗಿಸುವ ಕಂಬ ಇವೆಲ್ಲ ಹೊರುವವರ ಮೊಣಕೈಗೆ ತಾಗುವ ಹೊತ್ತಿಗಷ್ಟೇ ಕಣ್ಣಿಗೆ ಬೀಳುವಂಥವು. ಅಂದೇ ನಿಲ್ಲಿಸಲು ಆಗದಿದ್ದರೆ ಮರವನ್ನು ನೆಲಕ್ಕೆ ತಾಗದಂತೆ ಅಡ್ಡಪಟ್ಟಿಗಳ ಮೇಲೆ ಮಲಗಿಸಿ, ಮಳೆ ಬೀಳದಂತೆ, ಆದರೆ ಗಾಳಿಯಾಡುವಂತೆ ಹೊದಿಸಿಡಬೇಕು. ನೆನೆದ ಹಲಗೆ ಸೊಟ್ಟಗಾಗುತ್ತದೆ.

ನಿಲ್ಲಿಸಲು ಬಂದವರು ಮೊದಲು ಗೋಡೆ ಮುಟ್ಟುವುದಿಲ್ಲ. ಟೇಪು ಬಿಚ್ಚಿ ನೆಲಗಟ್ಟಿನ ಎರಡೂ ಕರ್ಣ ಅಳೆಯುತ್ತಾರೆ, ಉದ್ದನೆಯ ರಸಮಟ್ಟವನ್ನು ನಾಲ್ಕೂ ಅಂಚಿಗೆ, ಆಮೇಲೆ ನಡುವಿಗೆ ಇಟ್ಟು ನೋಡುತ್ತಾರೆ. ಮಟ್ಟವಿಲ್ಲದಿದ್ದರೆ ಸಾಮಾನು ಬಿಟ್ಟು ವಾಪಸ್ ಹೋಗಿ, ಮತ್ತೆ ಬರಲು ಬೇರೆ ಹಣ ಕೇಳುವ ಷರತ್ತು ಸಾಮಾನ್ಯವಾಗಿ ಒಪ್ಪಂದದಲ್ಲೇ ಇರುತ್ತದೆ. ಸಹಿ ಹಾಕುವಾಗ ಅದನ್ನು ಓದಿರಬೇಕು. ನಮ್ಮಲ್ಲಿ ಬಂದ ಇಬ್ಬರೂ ಅಳೆದು ನೋಡಿ, ಚಹಾ ಕುಡಿದು, ಹಿಂದಿನ ಗೋಡೆಯನ್ನು ಎತ್ತಿದರು.